ತಂಗಿಯ ಗಾಲಿಮನೆಗೆ ವಿಮೆ ಮಾಡಿಸಿದ್ದು

ನ್ಯೂಅರ್ಕ್, ಇಳಿದ ದಿನ

ಅಪರಿಚಿತರು ನಗುತ್ತ ಮಾತಾಡಿಸಿದರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಲಾಗದೆ, ಮೈಸೂರಿನಲ್ಲಿ ಮೂವತ್ತು ವರ್ಷ ವಿಮೆ ಏಜೆಂಟನಾಗಿ ಅಂಗಡಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದವನು ನಾನು. ಆ ಮೂವತ್ತು ವರ್ಷವೂ ಅಪರಿಚಿತರ ಬಾಗಿಲಲ್ಲಿ ನಗುತ್ತ ನಿಂತಿದ್ದವನು ನಾನೇ. ಹಾಗಾಗಿ ನಗುವ ಮುಖದ ಹಿಂದೆ ಏನಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ಅಮೆರಿಕದಲ್ಲಿ ಎಲ್ಲರೂ ನಗುತ್ತಾರೆ. ವಿಮಾನದಿಂದ ಇಳಿದು ಅಷ್ಟುದ್ದ ನಡೆಯುವಷ್ಟರಲ್ಲಿ ನೆಲ ಒರೆಸುವವಳು ನಕ್ಕಳು, ಗಾಲಿಕುರ್ಚಿ ತಳ್ಳುವವನು ನಕ್ಕ, ಎದುರಿಗೆ ಬಂದ ಪೊಲೀಸಿನವನೂ ನಕ್ಕ. ಜೇಬಿನಿಂದ ಕೈ ತೆಗೆಯಲು ಪುರುಸೊತ್ತೇ ಆಗಲಿಲ್ಲ. ನಗದೆ ಇದ್ದವನು ಪಾಸ್‌ಪೋರ್ಟ್ ನೋಡುವ ಅಧಿಕಾರಿ ಒಬ್ಬನೇ. ಅವನ ಮೇಲೆ ನನಗೆ ತಕ್ಷಣ ವಿಶ್ವಾಸ ಹುಟ್ಟಿತು. ಏಕೆ ಬಂದಿರಿ ಎಂದು ಕೇಳಿದ. ತಂಗಿಯನ್ನು ನೋಡಲು ಎಂದಷ್ಟೇ ಹೇಳಿ ಸುಮ್ಮನಿರಬೇಕಿತ್ತು. ವಿಶ್ವಾಸ ಹುಟ್ಟಿದ್ದರಿಂದ ಇನ್ನೂ ಒಂದು ಮಾತು ಸೇರಿಸಿದೆ: "ಇನ್ಶೂರೆನ್ಸ್ ವರ್ಕ್."

ಕೆಲಸ ಮಾಡಲು ಬಂದವನೆಂದು ತಿಳಿದು ಅವನು ನನ್ನನ್ನು ಬೇರೆ ಕೋಣೆಗೆ ಕಳಿಸಿದ. ಅಲ್ಲಿ ಒಂದು ಗಂಟೆ ಕೂತೆ. ಆಮೇಲೆ ಒಬ್ಬ ಹೆಂಗಸು ಬಂದು, ನಿನಗೆ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿದಳು. ತಂಗಿ ಊಟ ಹಾಕುತ್ತಾಳೆ, ಅಷ್ಟೇ, ಅವಳ ಮನೆಗೆ ವಿಮೆ ಮಾಡಿಸಬೇಕು, ಯಾವುದು ಸರಿ ಎಂದು ಹೇಳಲು ಬಂದಿದ್ದೇನೆ ಎಂದು ನನ್ನ ಒಡಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ನಕ್ಕು ಮುದ್ರೆ ಒತ್ತಿದಳು. ಹೊರಬಂದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ.

ಹೊರಗೆ ದಪ್ಪ ಕೋಟು ತೊಟ್ಟು ತಂಗಿ ನಾಗರತ್ನ ಕಾಯುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ನಾವೆಲ್ಲ ಅವಳನ್ನು ನಾಗು ಎಂದೇ ಕರೆಯುವುದು. ನಡೆದದ್ದನ್ನು ಕೇಳಿ ಕಾರಿಗೆ ಒರಗಿಕೊಂಡು ನಕ್ಕಳು.

"ಬಾಯಿ ಬಿಡೋಕೆ ನಿನಗೆ ಅದೇ ಜಾಗ ಬೇಕಿತ್ತಾ ಅಣ್ಣ?"

ಅವಳ ನಗುವಿಗೆ ಮಾತ್ರ ನಾನು ಜೇಬು ಮುಟ್ಟಿಕೊಳ್ಳಲಿಲ್ಲ.

ಗಾಲಿಮನೆ

ನಾಗು ಕೊಂಡಿದ್ದು ಅಲ್ಲಿಯವರು ಮೊಬೈಲ್ ಹೋಮ್ ಎನ್ನುವಂಥ ಮನೆ. ಫೋನಿನಲ್ಲಿ ಕೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಸರ್ಕಸ್ಸಿನವರ ಡಬ್ಬಿಗಾಡಿ. ಸಮರ್‌ಸೆಟ್ ಎಂಬ ಊರು ದಾಟಿ ಸ್ವಲ್ಪ ದೂರದಲ್ಲಿ, ಒಂದು ಹಳ್ಳದ ಪಕ್ಕ, ಅಂಥವು ಎಪ್ಪತ್ತು ಎಂಬತ್ತು ಮನೆಗಳು ಸಾಲಾಗಿವೆ. ಅದಕ್ಕೆ ಪಾರ್ಕ್ ಎನ್ನುತ್ತಾರೆ. ನೋಡಿದರೆ ಡಬ್ಬಿಗಾಡಿಯಲ್ಲ, ಉದ್ದನೆಯ ಬಿಳೀ ಮನೆ. ಎರಡು ಮಲಗುವ ಕೋಣೆ, ಒಳ್ಳೆಯ ಅಡುಗೆಮನೆ, ಮುಂದೆ ಮೂರು ಮೆಟ್ಟಿಲು. ಕಾರ್ಖಾನೆಯಲ್ಲಿ ಕಟ್ಟಿ, ಗಾಲಿ ಹಾಕಿ, ಲಾರಿಗೆ ಸಿಕ್ಕಿಸಿ ಎಳೆದು ತಂದು ನಿಲ್ಲಿಸುತ್ತಾರಂತೆ. ಮನೆ ನಾಗುವಿನದು. ಕೆಳಗಿನ ನೆಲ ಪಾರ್ಕ್‌ನವರದು, ಅದಕ್ಕೆ ಬಾಡಿಗೆ.

ನಮ್ಮಲ್ಲಿ ಮನೆ ಬಿದ್ದುಹೋದರೂ ಸೈಟು ಬಿಡುವುದಿಲ್ಲ. ಸೈಟಿಲ್ಲದ ಮನೆಯನ್ನು ದುಡ್ಡು ಕೊಟ್ಟು ಕೊಂಡವರನ್ನು ನಾನು ಕಂಡಿರಲಿಲ್ಲ. ಯಾರೋ ಇವಳ ತಲೆ ಸವರಿದ್ದಾರೆ ಎಂದು ಅಲ್ಲೇ ಅನುಮಾನ ಬಂತು. ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ಮನೆಯ ಬುಡಕ್ಕೆ ಸುತ್ತಲೂ ಹಾಕಿದ್ದ ಪ್ಲಾಸ್ಟಿಕ್ ಹಲಗೆಗಳಲ್ಲಿ ಒಂದನ್ನು ಸಡಿಲಿಸಿ ಕೆಳಗೆ ನುಸುಳಿದೆ. ಗಾಲಿ ಇರಲಿಲ್ಲ. ಸಿಮೆಂಟ್ ಇಟ್ಟಿಗೆಗಳ ಮೇಲೆ ಮನೆ ಕೂತಿತ್ತು. ಗಾಳಿಗೆ ಹಾರಿಹೋಗದಂತೆ ಕಬ್ಬಿಣದ ಪಟ್ಟಿಗಳಿಂದ ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ ನೆಲಕ್ಕೆ ಕಟ್ಟಿದ್ದರು. ಕಟ್ಟು ಗಟ್ಟಿಯಾಗಿತ್ತು. ಆದರೆ ಇಟ್ಟಿಗೆಗಳ ಮೇಲೆ, ನೆಲದಿಂದ ಎರಡು ಗೇಣು ಎತ್ತರದಲ್ಲಿ, ಕಂದು ಬಣ್ಣದ ಒಂದು ಗೆರೆ ಸುತ್ತಲೂ ಹೋಗಿತ್ತು. ಎಷ್ಟೋ ಗೋಡೌನುಗಳಲ್ಲಿ ಇಂಥ ಗೆರೆ ನೋಡಿದ್ದೇನೆ. ನೀರು ನಿಂತು ಇಳಿದ ಗುರುತು.

ಆಗ ಹೊರಗಿನಿಂದ ಇಂಗ್ಲಿಷಿನಲ್ಲಿ ಹೆಣ್ಣು ದನಿ ಕೇಳಿಸಿತು. ಪಕ್ಕದ ಮನೆಯ ಮುದುಕಿ ಡೋರಿಸ್, ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು. ಪೊಲೀಸರಿಗೆ ಹೇಳಬೇಕೋ ಅಥವಾ ನೀನು ನಾಗುವಿನ ಅಣ್ಣನೋ ಎಂದು ಕೇಳುತ್ತಿದ್ದಳು. ಗಾಬರಿಯಲ್ಲಿ ನಾನು ಎರಡಕ್ಕೂ ಸೇರಿಸಿ "ಯೆಸ್" ಎಂದೆ. ಒದ್ದೆ ತಲೆಯಲ್ಲೇ ನಾಗು ಓಡಿಬಂದಳು. ಗೆರೆಯ ಬಗ್ಗೆ ಕೇಳಿದ್ದಕ್ಕೆ ಡೋರಿಸ್, ಹೌದು, ಒಮ್ಮೆ ಹಳ್ಳ ಉಕ್ಕಿ ಎರಡನೇ ಮೆಟ್ಟಿಲಿನವರೆಗೆ ಬಂದಿತ್ತು ಎಂದಳು. ಇದನ್ನು ಮಾರಿದವರು ನಾಗುವಿಗೆ ಹೇಳಿರಲಿಲ್ಲ.

ಮನೆಯ ಹಿಂದೆ ಹಳೆಯ ಮಾಲೀಕರು ಹಲಗೆ, ಗಾಜು ಹಾಕಿ ಒಂದು ಮುಚ್ಚಿದ ಪೋರ್ಚ್ ಕಟ್ಟಿಕೊಂಡಿದ್ದರು. ಅಲ್ಲಿ ನಾಗು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗ್ಯಾಸ್ ಒಲೆ, ಪಕ್ಕದಲ್ಲಿ ಸಿಲಿಂಡರ್ ಇಟ್ಟುಕೊಂಡಿದ್ದಳು. ಅಲ್ಲಿನ ನಮ್ಮವರ ಮನೆಗಳಲ್ಲೆಲ್ಲ ಇಂಥ ಎರಡನೇ ಒಲೆ ಇರುತ್ತದಂತೆ, ಗ್ಯಾರೇಜಿನಲ್ಲೋ ಹಿತ್ತಿಲಲ್ಲೋ. ಮನೆಯೊಳಗೆ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆಗಂಟೆ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಬೀರುವಿನಲ್ಲಿರುವ ಕೋಟಿಗೆಲ್ಲ ಇಂಗಿನ ವಾಸನೆ ಹತ್ತುತ್ತದೆ. ಹಾಗಾಗಿ ಚಳಿಗೆ ಟೋಪಿ ಹಾಕಿಕೊಂಡು, ಸಾರಿನ ಪಾತ್ರೆ ಹಿಡಿದು ಒಗ್ಗರಣೆಗೆ ಹೊರಗೆ ಹೋಗುವ ಜನ ಅವರು.

ಇನ್ನು ನಾಗು ಅಲ್ಲಿಗೆ ಹೋದ ಕತೆ. ಅವಳ ಗಂಡ ಸಿದ್ದರಾಜು ಮೈಸೂರಿನಲ್ಲಿ ಊದುಬತ್ತಿ ಮಾಡಿಸುತ್ತಿದ್ದರು. ಹನ್ನೆರಡು ಜನ ಹೆಂಗಸರು ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಅದಕ್ಕೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಕಟ್ಟಡ, ಮಾಲು ಒಂದೂ ಉಳಿಯಲಿಲ್ಲ. ವಿಮೆ ಇತ್ತು. ಕಂಪನಿ ಕೊಡಲಿಲ್ಲ. ನಲವತ್ತು ದಾಟಿದ ಮೇಲೆ, ಮೊದಲೇ ಅಲ್ಲಿದ್ದ ಸಿದ್ದರಾಜುವಿನ ಅಕ್ಕನ ಮೂಲಕ ಅರ್ಜಿ ಹಾಕಿಸಿಕೊಂಡು ಇಬ್ಬರೂ ಅಮೆರಿಕಕ್ಕೆ ಹೋದರು. ಸಿದ್ದರಾಜು ಪೆಟ್ರೋಲ್ ಬಂಕಿನಲ್ಲಿ ನಿಂತು ದುಡಿದರು. ಮೂರು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ. ನಾಗು ಸಮರ್‌ಸೆಟ್‌ನಲ್ಲಿ ಆಫೀಸಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಇಬ್ಬರ ದುಡಿಮೆಯೂ ಕೂಡಿ ಉಳಿದದ್ದು ಈ ಮನೆ ಒಂದೇ. ತಿಂಗಳ ಕೊನೆಯೊಳಗೆ ವಿಮೆಯ ಕಾಗದ ತೋರಿಸಬೇಕೆಂದು ಪಾರ್ಕ್‌ನವರು ಹೇಳಿದಾಗ ಅವಳು ನನಗೆ ಫೋನ್ ಮಾಡಿದ್ದಳು. "ನೀನು ಆ ಲೈನಲ್ಲಿ ಇದ್ದವನು. ಬಂದು ನೋಡಿ ಹೇಳು," ಎಂದಿದ್ದಳು.

ಸಮರ್‌ಸೆಟ್

ನಾಗು ಗೊತ್ತುಮಾಡಿದ್ದ ವಿಮೆ ಏಜೆಂಟಳ ಆಫೀಸು ಒಂದು ಇಂಡಿಯನ್ ದಿನಸಿ ಅಂಗಡಿಯ ಪಕ್ಕದಲ್ಲಿತ್ತು. ಹೆಸರು ನಮ್ರತಾ. ತಂದೆ ತಾಯಿ ಹಾಸನದವರು, ಅವಳು ಹುಟ್ಟಿದ್ದು ಅಲ್ಲೇ. "ನಮ್ಮವರ ಹುಡುಗಿ ಅಣ್ಣ, ಒಳ್ಳೆಯವಳು," ಎಂದು ನಾಗು ಹೇಳಿದ್ದಳು. ಅದರಿಂದಲೇ ನನ್ನ ಅನುಮಾನ ಎರಡು ಪಟ್ಟಾಯಿತು. ನಾನೂ ಅತಿ ಹೆಚ್ಚು ಪಾಲಿಸಿ ಮಾರಿದ್ದು ನಮ್ಮವರಿಗೇ.

ನನಗೆ ಇಂಗ್ಲಿಷ್ ಮಾತಾಡಲು ಬಾರದಿದ್ದರೂ ವಿಮೆಯ ಇಂಗ್ಲಿಷ್ ಓದಲು ಬರುತ್ತದೆ. ನಮ್ರತಾ ಎರಡು ಹಾಳೆ ಮುಂದಿಟ್ಟಳು. ಮೊದಲನೆಯದರಲ್ಲಿ, ಮನೆಗೆ ಏನಾದರೂ ಆದರೆ ಅದು ಎಷ್ಟು ಹಳೆಯದೋ ಅಷ್ಟು ಸವಕಲು ಕಳೆದು ಮಿಕ್ಕಿದ್ದನ್ನು ಕೊಡುತ್ತಾರೆ. ಹಳೆಯ ಗಾಲಿಮನೆಗೆ ಹಾಗೆ ಕಳೆಯುತ್ತ ಹೋದರೆ ಬಾಗಿಲು ಕಿಟಕಿಗೆ ಸಾಲುವಷ್ಟು ಉಳಿಯಬಹುದು. ಎರಡನೆಯದರಲ್ಲಿ ಅಂಥದ್ದೇ ಹೊಸ ಮನೆ ತಂದು ನಿಲ್ಲಿಸುವಷ್ಟು ಕೊಡುತ್ತಾರೆ, ಕಂತು ಹೆಚ್ಚು. ಹಳ್ಳದ ನೀರು ನುಗ್ಗಿದರೆ ಎರಡರಲ್ಲೂ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ, ಅದೂ ಮಾಡಿಸಿದ ಒಂದು ತಿಂಗಳ ಮೇಲೆ ಶುರುವಾಗುತ್ತದೆ.

ಕಡಿಮೆಯದು ಸಾಕು ಎಂದು ನಾಗು ಕೂಡಲೇ ಹೇಳಿದಳು. "ಥಿಂಕ್ ಮಾಡಿ ಆಂಟಿ," ಎಂದು ನಮ್ರತಾ ಸುಮ್ಮನಾದಳು. ಆ ಸುಮ್ಮನಾಗುವಿಕೆ ನನಗೆ ಗೊತ್ತು. 'ಯೋಚನೆ ಮಾಡಿ' ಎಂದು ಹೇಳಿ ಚಹದ ಲೋಟ ನೋಡುತ್ತ ಕೂರುವುದು ನನ್ನದೇ ಹಳೆಯ ಪಟ್ಟು. ಈ ಹುಡುಗಿ ದುಬಾರಿಯದನ್ನು ತಗುಲಿಸಲು ನೋಡುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಅವಳು ಪ್ರಶ್ನೆ ಕೇಳತೊಡಗಿದಳು. ಒಂದೊಂದನ್ನೂ ಓದಿ, ನಾಗುವಿನ ಮುಖ ನೋಡಿ, ಉತ್ತರ ಕೇಳಿ, ಆಮೇಲೆ ಕಂಪ್ಯೂಟರಿನಲ್ಲಿ ಹಾಕುವಳು. ನನಗೆ ಇದು ವಿಚಿತ್ರವಾಗಿ ಕಂಡಿತು. ನಾನು ಹಾಗೆ ಮಾಡುತ್ತಲೇ ಇರಲಿಲ್ಲ. "ಇಲ್ಲೊಂದು ಸಹಿ ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದು ಖಾಲಿ ಫಾರಮ್ಮಿಗೆ ಸಹಿ ಪಡೆದು ಎದ್ದುಬಿಡುತ್ತಿದ್ದೆ. ಗಿರಾಕಿಗಳಿಗೂ ಅದೇ ಇಷ್ಟ. ತೊಂದರೆ ಕೊಡದ ಮನುಷ್ಯ ಎಂದು ನನಗೆ ಹೆಸರು. ಮನೆಗೆ ಬಂದು ಕೂತು ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ ಎಂದು ಬರೆದು ಹೋಗುತ್ತಿದ್ದೆ. ಹೌದು ಎಂದು ಬರೆದರೆ ಆಫೀಸಿನಿಂದ ಯಾರೋ ನೋಡಲು ಬರುತ್ತಾರೆ, ಕೆಲಸ ತಡವಾಗುತ್ತದೆ.

ಪೋರ್ಚ್ ಇದೆಯಾ ಎಂದು ಕೇಳಿದಾಗ ನಾಗು ಇದೆ ಎಂದಳು. ಪೋರ್ಚಿನಲ್ಲಿ ಒಲೆ, ಗ್ಯಾಸ್ ಸಿಲಿಂಡರ್ ಏನಾದರೂ ಇದೆಯಾ ಎಂದು ನಮ್ರತಾ ಕೇಳಿದಳು. ಇದೇ ಬಲೆ ಎಂದು ನನಗೆ ಅನ್ನಿಸಿತು. ನಾಗು ಬಾಯಿ ತೆರೆಯುವ ಮೊದಲೇ ನಾನು "ನೋ" ಎಂದೆ. ಮೂವತ್ತು ವರ್ಷ ಪಳಗಿದ ನಾಲಗೆ. ನಾಗು ನನ್ನ ಕಡೆ ನೋಡಿದಳು. ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಕಸುಬು ತಿಳಿದ ಅಣ್ಣನೆಂದು ಅವಳು ಸುಮ್ಮನಾದಳು.

ಶನಿವಾರ ಮನೆಗೆ ಬಂದು ಫೋಟೋ ತೆಗೆದುಕೊಂಡು ಹೋಗುತ್ತೇನೆ ಎಂದು ನಮ್ರತಾ ಹೇಳಿದಳು.

ನ್ಯೂಯಾರ್ಕಿನ ರೈಲು

ಗುರುವಾರ ನಾಗು ರಜೆ ಹಾಕಿ ನ್ಯೂಯಾರ್ಕ್ ತೋರಿಸಲು ಕರೆದುಕೊಂಡು ಹೋದಳು. ಅಲ್ಲಿನ ರೈಲಿನಲ್ಲಿ ಒಂದು ಪದ್ಧತಿ ಇದೆ. ಕಂಡಕ್ಟರ್ ಟಿಕೆಟ್ ನೋಡಿ, ಬಣ್ಣದ ಸಣ್ಣ ಚೀಟಿಯೊಂದಕ್ಕೆ ತೂತು ಹಾಕಿ, ಎದುರಿನ ಸೀಟಿನ ಬೆನ್ನಿಗೆ ಸಿಕ್ಕಿಸಿ ಹೋಗುತ್ತಾನೆ. ನಾವು ದುಡ್ಡು ಕೊಟ್ಟದ್ದಕ್ಕೆ ಇರುವ ಸಾಕ್ಷಿಯನ್ನು ಹೀಗೆ ಬಯಲಲ್ಲಿ ಬಿಟ್ಟು ಹೋದರೆ ಯಾರಾದರೂ ಎಗರಿಸದೆ ಇರುತ್ತಾರೆಯೇ? ಅವನು ಅತ್ತ ಹೋದ ಕೂಡಲೇ ಎರಡೂ ಚೀಟಿಗಳನ್ನು ಕಿತ್ತು ಒಳಜೇಬಿಗೆ ಹಾಕಿಕೊಂಡೆ.

ದಾರಿಯಲ್ಲಿ ಹ್ಯಾರಿಸನ್ ಎಂಬ ಸ್ಟೇಷನ್ನಿನ ಹತ್ತಿರ, ಹಳಿಯ ಪಕ್ಕದ ಹೊಸ ಅಪಾರ್ಟ್‌ಮೆಂಟುಗಳನ್ನು ನಾಗು ತೋರಿಸುತ್ತಿದ್ದಾಗ ಅವನು ಮತ್ತೆ ಬಂದು ಟಿಕೆಟ್ ಕೇಳಿದ. ನಾನು ಪಾಸ್‌ಪೋರ್ಟಿನ ಜೊತೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದ ಚೀಟಿಗಳನ್ನು ಬಿಚ್ಚಿ ತೋರಿಸಿದೆ. ಅವನು ಏನೋ ಗೊಣಗಿ ಅವನ್ನು ಮತ್ತೆ ಎದುರಿಗೇ ಸಿಕ್ಕಿಸಿದ. ಚೀಟಿ ಕಾಣುವ ಹಾಗಿದ್ದರೆ ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಬಚ್ಚಿಟ್ಟವನನ್ನೇ ಕೇಳುವುದು. ನ್ಯೂಯಾರ್ಕಿನಲ್ಲಿ ದಿನವಿಡೀ ಎರಡು ಕೈಯಲ್ಲೂ ಜೇಬು ಹಿಡಿದು ತಿರುಗಿದೆ. ಕುತ್ತಿಗೆ ನೋಯುವಷ್ಟು ಎತ್ತರದ ಕಟ್ಟಡಗಳನ್ನು ನೋಡಿದೆ. ಯಾರೂ ಏನೂ ಕದಿಯಲಿಲ್ಲ. ನನ್ನ ಉಣ್ಣೆಯ ಟೋಪಿಯನ್ನು ನಾನೇ ಎಲ್ಲೋ ಬಿಟ್ಟುಬಂದೆ.

ಹಿಂತಿರುಗುವಾಗ ಇಬ್ಬರೂ ದಣಿದಿದ್ದೆವು. ಎರಡು ಹಾಳೆಗಳಲ್ಲಿ ಯಾವುದೆಂದು ಯೋಚಿಸಿದೆಯಾ ಎಂದು ನಾನು ಕೇಳಿದೆ. ಇಟ್ಟಿಗೆಯ ಮೇಲಿನ ಆ ಗೆರೆ ನನ್ನನ್ನು ಬಿಟ್ಟಿರಲಿಲ್ಲ.

"ಅಗ್ಗದ್ದೇ ಸಾಕು ಬಿಡಣ್ಣ," ಎಂದಳು ನಾಗು. "ಪಾರ್ಕ್‌ನವರಿಗೆ ಒಂದು ಪೇಪರ್ ತೋರಿಸ್ಬೇಕು, ಅಷ್ಟೇ ತಾನೆ. ನಾಳೆ ಸುಟ್ಟು ಹೋದ್ರೆ ಕೊಡ್ತಾರಾ? ನಮಗೆ ಕೊಟ್ರಾ?"

ನಾನು ಕಿಟಕಿಯ ಆಚೆ ನೋಡಿದೆ. ಯಾರ ಮುಂದೆಯೂ ಹೇಳದ್ದನ್ನು ಇಲ್ಲಿ ಬರೆಯಬೇಕು. ಸಿದ್ದರಾಜುವಿನ ಊದುಬತ್ತಿ ಕಾರ್ಖಾನೆಯ ಪಾಲಿಸಿ ಮಾಡಿಸಿದವನು ನಾನೇ. ನಮ್ಮ ಭಾವನೇ ತಾನೆ ಎಂದು ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು ಬಂದಿದ್ದೆ. ಬೇಗ ಬೆಂಕಿ ಹತ್ತುವ ದ್ರವವೇನಾದರೂ ಇಟ್ಟಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು. ಸುಗಂಧಕ್ಕೆ ಬೆರೆಸುವ ಎಣ್ಣೆಯ ಡ್ರಮ್ಮುಗಳು ಹಿಂದಿನ ಕೋಣೆಯಲ್ಲಿದ್ದವು. ಅಂಥ ಒಂದು ಡ್ರಮ್ಮಿನ ಮೇಲೆ ಕೂತು ನಾನೇ ಕಾಫಿ ಕುಡಿದು ಬಂದಿದ್ದೆ. ಆದರೂ ಇಲ್ಲ ಎಂದು ಬರೆದೆ. ಬೆಂಕಿ ಬಿದ್ದ ಮೇಲೆ ಬಂದ ಸರ್ವೇಯರಿಗೆ ಡ್ರಮ್ಮುಗಳು ಕಂಡವು. ಕಂಪನಿ ನನ್ನ 'ಇಲ್ಲ'ವನ್ನೇ ತೋರಿಸಿ ಕೈ ತೊಳೆದುಕೊಂಡಿತು. ಆ ಇಂಗ್ಲಿಷ್ ಕಾಗದ ಹಿಡಿದು ಸಿದ್ದರಾಜು ನನ್ನ ಮನೆಗೇ ಬಂದರು, ಓದಿ ಹೇಳಿ ಎಂದು. ಓದಿ ಹೇಳಿದೆ. ಒಂದು ಸಾಲು ಬಿಟ್ಟು. ಕಂಪನಿಯವರು ಕಳ್ಳರು ಭಾವ, ಬಡವರಿಗೆ ಕೊಡುವುದಿಲ್ಲ ಎಂದೆ.

ಅಂದಿನಿಂದ ನಾಗು ಯಾವ ವಿಮೆಯನ್ನೂ ನಂಬಲಿಲ್ಲ. ಈಗ ಇರುವ ಒಂದೇ ಮನೆಗೆ ಕೆಲಸಕ್ಕೆ ಬಾರದ ಕಾಗದ ಕೊಳ್ಳಲು ಹೊರಟಿದ್ದಳು. ಪಕ್ಕದಲ್ಲಿ ಕೂತು ನಾನು ಹಳ್ಳ, ಗೆರೆ, ಸವಕಲು ಎಂದು ಬುದ್ಧಿ ಹೇಳಿದೆ. ಡ್ರಮ್ಮಿನ ವಿಷಯವನ್ನು ಮಾತ್ರ ಮುಂದಿನ ಸ್ಟೇಷನ್ ಬರಲಿ, ಮುಂದಿನ ಸ್ಟೇಷನ್ ಬರಲಿ ಎಂದು ಮುಂದೂಡುತ್ತ ಹೋದೆ. ಅಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.

ಶನಿವಾರ, ಬೀರುವಿನ ಬಾಗಿಲು

ಶನಿವಾರ ಬೆಳಿಗ್ಗೆ ನಾಗು ತರಕಾರಿ ತರಲು ನಡೆದುಕೊಂಡೇ ಹತ್ತಿರದ ಅಂಗಡಿಗೆ ಹೋಗಿದ್ದಳು. ನಾನು ಪೋರ್ಚಿನ ಒಲೆ ಬಿಚ್ಚಿ ಅವಳ ಕಾರಿನ ಡಿಕ್ಕಿಯಲ್ಲಿಟ್ಟೆ. ಸಿಲಿಂಡರ್ ಅಲ್ಲಿ ಉರುಳಾಡುತ್ತದೆಂದು, ಅವಳದೊಂದು ನೀಲಿ ನೂಲಿನ ಸೀರೆ ಸುತ್ತಿ, ಮಲಗುವ ಕೋಣೆಯ ಗೋಡೆಬೀರುವಿನಲ್ಲಿ ಬಟ್ಟೆಗಳ ಹಿಂದೆ ನಿಲ್ಲಿಸಿದೆ. ಇದರಲ್ಲಿ ಅಪಾಯವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಸಿಲಿಂಡರ್ ಇರುವುದು ಅಡುಗೆಮನೆಯ ಒಳಗೇ. ಅಲ್ಲಿಯವರು ಈ ಸಿಲಿಂಡರನ್ನು ಹೊಸ್ತಿಲು ದಾಟಿಸುವುದೇ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಳೆಯ ಸಿಲಿಂಡರ್. ಅದರ ತಿರುಪು ಸವೆದಿತ್ತು, ಪೂರ್ತಿ ಮುಚ್ಚಿದೆ ಎಂದುಕೊಂಡಿದ್ದೆ.

ನಾಗು ಬಂದು ಒಲೆ ಎಲ್ಲಿ ಎಂದು ಕೇಳಿದಳು. ಸುಮ್ಮನಿರು, ನನಗೆ ಗೊತ್ತು ಎಂದೆ.

ನಮ್ರತಾ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಮೆಟ್ಟಿಲು, ಕಬ್ಬಿಣದ ಪಟ್ಟಿ, ಪ್ಲಾಸ್ಟಿಕ್ ಹಲಗೆ ಎಲ್ಲದರ ಫೋಟೋ ತೆಗೆದಳು. ಪೋರ್ಚಿನಲ್ಲಿ ಗಾಜಿಗೆ ಸಿಡಿದಿದ್ದ ಎಣ್ಣೆಯ ಕಲೆಗಳನ್ನು ಒಂದು ಗಳಿಗೆ ನೋಡಿದಳು, ಏನೂ ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ಅವಳ ಮೇಲೆ ನನ್ನ ಅನುಮಾನ ಇನ್ನೂ ಬಲವಾಯಿತು. ಆಮೇಲೆ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ಏನನ್ನೋ ಹುಡುಕತೊಡಗಿದಳು. ಏನೆಂದು ನಾಗು ಕೇಳಿದಳು.

ಕಾರ್ಖಾನೆಯವರು ಇಂಥ ಪ್ರತಿ ಮನೆಯೊಳಗೂ ಒಂದು ಕಾಗದ ಅಂಟಿಸಿ ಕಳಿಸಿರುತ್ತಾರಂತೆ. ಮನೆ ಹುಟ್ಟಿದ ವರ್ಷ, ಎಷ್ಟು ಗಾಳಿ ತಡೆಯುತ್ತದೆ, ಚಾವಣಿ ಎಷ್ಟು ಹಿಮ ಹೊರುತ್ತದೆ ಎಲ್ಲ ಅದರಲ್ಲಿರುತ್ತದೆ. ಮನೆಯ ಜಾತಕ ಎನ್ನಬಹುದು. ಅದರ ಫೋಟೋ ಬೇಕೇ ಬೇಕು.

"ಕಿಚನ್‌ನಲ್ಲಿ ಇಲ್ಲ ಅಂದ್ರೆ ಬೆಡ್‌ರೂಮ್ ಕ್ಲಾಸೆಟ್‌ನಲ್ಲಿ ಇರುತ್ತೆ," ಎಂದು ಅವಳು ಆ ಕಡೆ ನಡೆದಳು.

ನಾನು ಮುಂದೆ ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತೆ. ಅದರಲ್ಲಿ ಹೆಂಗಸರ ಬಟ್ಟೆ ಇದೆಯಮ್ಮ ಎಂದೆ.

"ನಾನೂ ಹೆಂಗಸೇ ಅಂಕಲ್," ಎಂದು ಅವಳು ಬಾಗಿಲು ಸರಿಸಿದಳು.

ನೀಲಿ ಸೀರೆಯ ಮುಸುಕು ಹಾಕಿಕೊಂಡು ಸಿಲಿಂಡರ್ ಮದುಮಗಳ ಹಾಗೆ ನಿಂತಿತ್ತು. ಸರಿಯಾಗಿ ಅದರ ತಲೆಯ ಮೇಲೆ, ಗೋಡೆಯಲ್ಲಿ, ಆ ಕಾಗದ. ಬಾಗಿಲು ತೆರೆದ ಕೂಡಲೇ ಗ್ಯಾಸಿನ ವಾಸನೆ ಮುಖಕ್ಕೆ ಬಡಿಯಿತು.

ನಮ್ರತಾಳ ದನಿ ತಗ್ಗಿತು. "ಆಂಟಿ, ಯಾವ ಸ್ವಿಚ್ಚೂ ಟಚ್ ಮಾಡ್ಬೇಡಿ. ನಿಧಾನಕ್ಕೆ ಹೊರಗೆ ಬನ್ನಿ. ಅಂಕಲ್, ನೀವೂ."

ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ಬಂದು ನಿಂತೆವು. ನಮ್ರತಾ ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಮನೆ ಬೆಚ್ಚಗಿಡುವ ಯಂತ್ರ ಆ ಬೀರುವಿನ ಪಕ್ಕದ ಗೂಡಿನಲ್ಲೇ ಇದೆ, ಚಳಿಯಾದಾಗಲೆಲ್ಲ ತಾನಾಗಿಯೇ ಉರಿ ಹೊತ್ತಿಸಿಕೊಳ್ಳುತ್ತದೆ ಎಂದು ಆಗ ನಾಗು ಹೇಳಿದಳು. ಅವಳು ನನ್ನ ಮುಖ ನೋಡಲಿಲ್ಲ, ಮನೆಯನ್ನೇ ನೋಡುತ್ತಿದ್ದಳು. ಡೋರಿಸ್ ಕಂಬಳಿ ತಂದು ನಾಗುವಿಗೆ ಹೊದಿಸಿದಳು. ಮೊದಲು ಮನೆಯ ಕೆಳಗೆ, ಈಗ ಮನೆಯ ಒಳಗೆ, ನಿಮ್ಮಣ್ಣ ಊರಿಗೆ ಹೋಗುವುದು ಯಾವಾಗ ಎಂದು ಕೇಳಿದಳು. ಕೆಂಪು ಗಾಡಿ ಬಂತು. ಆಜಾನುಬಾಹು ಒಬ್ಬ ಒಳಗೆ ಹೋಗಿ, ಸೀರೆಯ ಸಮೇತ ಸಿಲಿಂಡರನ್ನು ತೋಳಿನಲ್ಲಿ ಎತ್ತಿಕೊಂಡು ಮೂರು ಮೆಟ್ಟಿಲು ಇಳಿದುಬಂದ. ಪಾರ್ಕ್‌ನವರೆಲ್ಲ ನೋಡುತ್ತಿದ್ದರು. ಮನೆಯ ಗಾಳಿಯನ್ನು ಯಂತ್ರ ಹಿಡಿದು ಪರೀಕ್ಷಿಸಿ, ಸೀರೆ ಬಿಚ್ಚಿ ನಾಗುವಿನ ಕೈಗೆ ಕೊಟ್ಟು, ಇನ್ನು ಒಳಗೆ ಹೋಗಿ ಎಂದು ಹೇಳಿ ಹೋದರು.

ಅದೇ ದಿನ, ಊಟದ ಮೇಜು

ಕಿಟಕಿಗಳೆಲ್ಲ ತೆರೆದಿದ್ದವು. ಮೂವರೂ ಕೋಟು ಹಾಕಿಕೊಂಡು ಮೇಜಿನ ಸುತ್ತ ಕೂತೆವು. ನಮ್ರತಾ ಇನ್ನು ಎದ್ದು ಹೋಗುತ್ತಾಳೆ, ಪಾಲಿಸಿ ಇಲ್ಲ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಚಹ ಕುಡಿದಳು.

"ಅಂಕಲ್, ಒಲೆ ಇದೆ ಅಂತ ಅವತ್ತೇ ಹೇಳಿದ್ರೆ ನಾನೇನು ಹೇಳ್ತಿದ್ದೆ ಗೊತ್ತಾ? ಪೋರ್ಚಿಂದ ತೆಗೆದು ಹಿತ್ತಿಲಲ್ಲಿ ದೂರ ಇಡಿ ಅಂತ. ದಟ್ಸ್ ಇಟ್. ನಮ್ಮಮ್ಮನ ಮನೇಲೂ ಇದೆ ಅದು."

ಇಷ್ಟೇ. ಬಲೆ ಇರಲಿಲ್ಲ. ಫಾರಮ್ಮನ್ನು ಮತ್ತೆ ಮೊದಲಿನಿಂದ ತುಂಬಬೇಕು ಎಂದಳು. ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಹಿಂದೆ ಯಾವಾಗಲಾದರೂ ಬೆಂಕಿ, ನೀರು, ಕಳ್ಳತನದಿಂದ ನಷ್ಟವಾಗಿದೆಯಾ ಎಂಬ ಪ್ರಶ್ನೆ ಬಂತು.

"ಆಗಿದೆ," ಎಂದಳು ನಾಗು. "ಮೈಸೂರಲ್ಲಿ. ಪೂರ್ತಿ ಸುಟ್ಟುಹೋಯ್ತು. ಒಂದು ಪೈಸೆ ಕೊಡ್ಲಿಲ್ಲ."

ಅದು ತುಂಬ ಹಳೆಯದು, ಬರೆಯಬೇಕಾಗಿಲ್ಲ ಎಂದಳು ನಮ್ರತಾ. ಆದರೆ ಏಕೆ ಕೊಡಲಿಲ್ಲ ಎಂದು ಸುಮ್ಮನೆ ಕೇಳಿದಳು.

"ಕಳ್ಳರು, ಅದಕ್ಕೆ. ನಮ್ಮಣ್ಣನೇ ಕಾಗದ ಓದಿ ಹೇಳಿದ್ರು. ಅದಕ್ಕೇ ಹೇಳ್ತಿರೋದು, ನನಗೆ ಕಮ್ಮಿದೇ ಬರಿ."

ನಮ್ರತಾ ಸರಿ ಎಂದು ಅಗ್ಗದ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡಳು. ನಾಗು ಪೆನ್ನಿನ ಮುಚ್ಚಳ ತೆಗೆದಳು. ಆ ಸಹಿ ಬಿದ್ದರೆ ನನ್ನ ಸುಳ್ಳಿಗೆ ಎರಡನೇ ಸಲ ಸಹಿ ಬಿದ್ದ ಹಾಗೆ.

"ಕಂಪನಿಯವರು ಮೋಸ ಮಾಡಲಿಲ್ಲ ನಾಗು," ಎಂದೆ. "ಡ್ರಮ್ ಇಲ್ಲ ಅಂತ ಬರೆದವನು ನಾನು. ಭಾವನ ಹತ್ರ ಖಾಲಿ ಫಾರಮ್ಮಿಗೆ ಸಹಿ ಹಾಕಿಸ್ಕೊಂಡಿದ್ದೆ. ಏನು ಬರೆದಿದೀನಿ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಕಾಗದ ಬಂದಾಗ ಆ ಸಾಲು ಬಿಟ್ಟು ಓದಿದೆ."

ನಮ್ರತಾ ಒಂದು ಫೋನ್ ಮಾಡಬೇಕು ಎಂದು ಎದ್ದು ಹೊರಗೆ ಹೋಗಿ ತನ್ನ ಕಾರಿನಲ್ಲಿ ಕೂತಳು. ಫೋನ್ ಮಾಡಲಿಲ್ಲ.

ಕುರ್ಚಿಯ ಮೇಲೆ ಆ ನೀಲಿ ಸೀರೆ ಬಿದ್ದಿತ್ತು. ನಾಗು ಅದನ್ನು ಎತ್ತಿಕೊಂಡು ಮಡಿಸತೊಡಗಿದಳು. ಅಂಚಿಗೆ ಅಂಚು ಸೇರಿಸಿ, ಎದೆಗೆ ಒತ್ತಿ, ಮತ್ತೆ ಅರ್ಧ ಮಾಡಿ. ಚಿಕ್ಕದಾಗುವವರೆಗೂ ಮಡಿಸಿದಳು. ಆಮೇಲೆ ಹೇಳಿದಳು:

"ಸಾಯೋ ವಾರದವರೆಗೂ ಆ ಕಂಪನೀನ ಬೈತಿದ್ರು ಅವರು. ನಿನಗೆ ಫೋನ್ ಮಾಡಿ ಬೈತಿದ್ರು. ನೀನು ಆ ಕಡೆಯಿಂದ ಹೂಂ ಹೂಂ ಅಂತಿದ್ದೆ."

ನನ್ನ ಬಾಯಿಗೆ ಈಗಲೂ ಬಂದದ್ದು ಅದೊಂದೇ. "ಹೂಂ," ಎಂದೆ.

ಅವಳು ಬಾಗಿಲಿಗೆ ಹೋಗಿ ನಮ್ರತಾಳನ್ನು ಕರೆದಳು. "ಹೊಸ ಮನೆ ಕೊಡೋದಿದ್ಯಲ್ಲ, ಅದು ಬರಿಯಮ್ಮ. ಹಳ್ಳದ ನೀರಿಂದೂ ಬರಿ. ಪ್ರಶ್ನೆ ಎಲ್ಲಾ ನನ್ನನ್ನೇ ಕೇಳು. ಅವರನ್ನ ಕೇಳಬೇಡ."

ಪ್ರತಿ ಹಾಳೆಯನ್ನೂ ಬೆರಳಿಟ್ಟು ಓದಿ ಸಹಿ ಮಾಡಿದಳು. ಕತ್ತಲಾಗುವವರೆಗೂ ಆಯಿತು. ನಮ್ರತಾ ಅವಸರ ಮಾಡಲಿಲ್ಲ.

ಪ್ರಿನ್ಸ್‌ಟನ್

ಮೊದಲೇ ಮಾತು ಕೊಟ್ಟಿದ್ದಳೆಂದು ಮುಂದಿನ ವಾರ ನಾಗು ನನಗೆ ಪ್ರಿನ್ಸ್‌ಟನ್ ತೋರಿಸಿದಳು. ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. "ಇದು ಕಾಲೇಜು, ನೋಡಿ," "ಬನ್ನಿ, ಊಟ ಮಾಡೋಣ," ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು. ಇಷ್ಟು ಮರ್ಯಾದೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅವಳು ಏನೋ ಕೊಳ್ಳಲು ಹೋದಾಗ ಮರದ ಕೆಳಗಿನ ಬೆಂಚಿನಲ್ಲಿ ಕೂತೆ. ಪಕ್ಕದ ಬೆಂಚಿನ ಮೇಲೆ ಯಾರೋ ವಿದ್ಯಾರ್ಥಿ ಚೀಲ, ಕಂಪ್ಯೂಟರ್ ಬಿಟ್ಟು ಹೋಗಿದ್ದರು. ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಅರ್ಧ ಗಂಟೆ ಅದನ್ನೇ ಕಾಯುತ್ತ ಕೂತೆ. ಅಳಿಲು ಬಿಟ್ಟರೆ ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಹುಡುಗಿಯೊಬ್ಬಳು ಕಾಫಿ ಹಿಡಿದು ಬಂದು, ತನ್ನ ಚೀಲವನ್ನೇ ದಿಟ್ಟಿಸುತ್ತಿದ್ದ ಮುದುಕನನ್ನು ನೋಡಿದಳು. ಚೀಲ ತೆರೆದು ಎಲ್ಲ ಇದೆಯಾ ಎಂದು ನೋಡಿಕೊಂಡು, ಎತ್ತಿಕೊಂಡು ದೂರದ ಬೆಂಚಿಗೆ ಹೋದಳು.

ನನಗೆ ಬೇಸರವಾಗಲಿಲ್ಲ. ಆ ನೋಟ ಬಂದು ತಲುಪಬೇಕಾದ ವಿಳಾಸಕ್ಕೇ ತಲುಪಿತ್ತು.

ಮೈಸೂರು

ಊರಿಗೆ ಬಂದ ಮೇಲೆ ಎರಡು ತಿಂಗಳು ನಾಗು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಿ, ಚೆನ್ನಾಗಿದ್ದೇನೆ, ಕೂಸು ಅಳುತ್ತಿದೆ ಎಂದು ಇಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಫೋನಿಗೆ ಸಾಲಾಗಿ ಚಿತ್ರಗಳು ಬಂದವು. ಪಾಲಿಸಿಯ ಹಾಳೆಗಳು, ಮೂವತ್ತಕ್ಕೂ ಮೇಲೆ. ಕೊನೆಯಲ್ಲಿ ಒಂದೇ ಸಾಲು: ಓದಿ ಹೇಳಿ.

ಪಕ್ಕದ ಅಂಗಡಿಯಲ್ಲಿ ಎಲ್ಲವನ್ನೂ ಕಾಗದಕ್ಕೆ ಇಳಿಸಿಕೊಂಡು ಬಂದು, ಕನ್ನಡಕ ಒರೆಸಿ, ಫೋನ್ ಮಾಡಿದೆ. ಮೊದಲ ಹಾಳೆಯಿಂದ ಶುರುಮಾಡಿದೆ. ಇಂಗ್ಲಿಷ್ ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಯಾವುದಕ್ಕೆ ಕೊಡುತ್ತಾರೆ ಎಂಬುದು ಮುಗಿದು, ಯಾವುದಕ್ಕೆ ಕೊಡುವುದಿಲ್ಲ ಎಂಬ ಭಾಗ ಬಂತು. ಮೂವತ್ತು ವರ್ಷದಲ್ಲಿ ಆ ಭಾಗವನ್ನು ನಾನು ಒಬ್ಬ ಗಿರಾಕಿಗೂ ಓದಿ ಹೇಳಿರಲಿಲ್ಲ. ನಿಧಾನವಾಗಿ ಓದಿದೆ. ನಾಗು ಕೇಳುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆ ನಿಲ್ಲಿಸಿದೆ. ಆ ಕಡೆಯಿಂದ ಹಾಳೆ ಮಗುಚಿದ ಸದ್ದು ಬಂತು. ನನ್ನ ಓದಿಗೆ ತನ್ನ ಪ್ರತಿಯನ್ನು ತಾಳೆ ನೋಡುತ್ತಿದ್ದಳು.

ಇಪ್ಪತ್ತನೇ ಹಾಳೆಯ ಹೊತ್ತಿಗೆ ಗಂಟಲು ಒಣಗಿತ್ತು. ನೀರು ಕುಡಿದು ಮುಂದುವರಿಸಿದೆ.

"ಒಂದು ಸಾಲು ಬಿಟ್ಟೆ ಅಣ್ಣ," ಎಂದಳು ನಾಗು.

ಹಿಂದಕ್ಕೆ ಹೋಗಿ ನೋಡಿದೆ. ಹೌದು, ಬಿಟ್ಟಿದ್ದೆ. ಅರ್ಜಿಯಲ್ಲಿ ಇದ್ದದ್ದನ್ನು ಮುಚ್ಚಿಟ್ಟು ಬರೆದಿದ್ದರೆ ಏನೂ ಕೊಡಲಾಗುವುದಿಲ್ಲ ಎಂಬ ಸಾಲು. ಕಣ್ಣು ಜಾರಿತೋ, ನಾಲಗೆಯೇ ಹಳೆಯ ಚಾಳಿಯಲ್ಲಿ ಹಾರಿಸಿತೋ, ಈ ವಿಷಯದಲ್ಲಿ ನನ್ನ ಮೇಲೆ ನನಗೇ ಅನುಮಾನವಿದೆ. ಬೆರಳಿಟ್ಟು ಅದನ್ನು ಓದಿದೆ, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

"ಹೂಂ," ಎಂದಳು ನಾಗು. "ಈಗ ಮುಂದೆ ಓದು."